ಅಧಿಕ ಒತ್ತಡದ ಪಂಪು: ಚಾಲನೆಗೆ ಮುನ್ನ ಅರಿಯಬೇಕಾದುದು

ಕಾರ್ಖಾನೆಗಳಲ್ಲಿ ನೀರೆತ್ತುವ ಸೆಂಟ್ರಿಫ್ಯೂಗಲ್ ಪಂಪನ್ನು ಹೊರಹರಿವಿನ ವಾಲ್ವ್ ಮುಚ್ಚಿ ಚಾಲೂ ಮಾಡಿ, ಬಳಿಕ ನಿಧಾನವಾಗಿ ತೆರೆಯುವುದು ರೂಢಿ. ಇದರಿಂದ ಮೋಟಾರಿನ ಮೇಲೆ ಆರಂಭದ ಹೊರೆ ತಗ್ಗುತ್ತದೆ. ಆದರೆ ಪೈಪುಗಳ ಒತ್ತಡ ಪರೀಕ್ಷೆಗೆ, ಯಂತ್ರಭಾಗಗಳ ಶುಚಿಗೆ ಬಳಸುವ ಪ್ಲಂಜರ್ ಪಂಪಿಗೆ ಇದೇ ರೂಢಿಯನ್ನು ಅನ್ವಯಿಸುವುದು ಅಪಾಯಕರ. ಪ್ಲಂಜರು ಪ್ರತಿ ಸುತ್ತಿಗೂ ನಿರ್ದಿಷ್ಟ ಪ್ರಮಾಣದ ನೀರನ್ನು ತಳ್ಳುತ್ತದೆ. ದಾರಿ ಮುಚ್ಚಿದ್ದು, ರಿಲೀಫ್ ವಾಲ್ವ್ ಸಹ ತೆರೆಯದಿದ್ದರೆ ಒತ್ತಡವೇರಿ ದುರ್ಬಲ ಭಾಗವು ಸಿಡಿಯಬಹುದು.

ಆದುದರಿಂದ ಈ ಪಂಪನ್ನು ಬೈಪಾಸ್ ವಾಲ್ವ್ ಪೂರ್ಣ ತೆರೆದು, ಒತ್ತಡವಿಲ್ಲದೆಯೇ ಚಾಲೂ ಮಾಡತಕ್ಕದ್ದು. ಅದಕ್ಕೆ ಮುನ್ನ ಎಣ್ಣೆಯ ಮಟ್ಟ, ಒಳಹರಿವಿನ ಫಿಲ್ಟರ್, ರಿಲೀಫ್ ವಾಲ್ವ್ ಹಾಗೂ ಬೆಲ್ಟಿನ ಕವಚವನ್ನು ಪರಿಶೀಲಿಸಬೇಕು. ಗಾಳಿ ಹೊರಹೋಗಿ ನೀರು ಸಮನಾಗಿ ಹರಿದ ಬಳಿಕವೇ ಬೈಪಾಸನ್ನು ಹಂತಹಂತವಾಗಿ ಮುಚ್ಚಬೇಕು.

ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಕೂಡದು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಧಾರೆಯೂ ಚರ್ಮವನ್ನು ಭೇದಿಸಬಲ್ಲದು. ಗಾಯವು ಚುಕ್ಕೆಯಂತೆ ಕಂಡರೂ ವಿಳಂಬಿಸದೆ ಆಸ್ಪತ್ರೆಗೆ ಒಯ್ಯಬೇಕು. ಒಳಗಿನ ಹಾನಿಗೆ ತುರ್ತು ಶಸ್ತ್ರಚಿಕಿತ್ಸೆ ಬೇಕಾಗಬಹುದು. ದುರಸ್ತಿಗೆ ಮುನ್ನ ವಿದ್ಯುತ್ ಸಂಪರ್ಕ ತಪ್ಪಿಸಿ, ಸ್ವಿಚ್ಚಿಗೆ ಬೀಗ ಹಾಕಿ, ಉಳಿದ ಒತ್ತಡವನ್ನು ಪೂರ್ಣವಾಗಿ ಇಳಿಸತಕ್ಕದ್ದು.

ರಿಲೀಫ್ ವಾಲ್ವ್ ಪದೇ ಪದೇ ತೆರೆಯುತ್ತದೆಂದು ಅದನ್ನು ಬಿಗಿಗೊಳಿಸುವುದು ಉಳಿತಾಯವಲ್ಲ. ವಿಮಾದಾರನು ಯುಕ್ತ ಎಚ್ಚರಿಕೆ ವಹಿಸಬೇಕೆಂಬ ಷರತ್ತು ವಿಮಾ ಕರಾರುಗಳಲ್ಲಿ ಸಾಮಾನ್ಯವಾಗಿರುತ್ತದೆ. ಪ್ರತಿದಿನದ ತಪಾಸಣೆಯನ್ನು ಸಹಿಯೊಡನೆ ಪುಸ್ತಕದಲ್ಲಿ ದಾಖಲಿಸಿದರೆ ಅದೇ ಎಚ್ಚರಿಕೆಗೆ ಆಧಾರವಾಗುತ್ತದೆ. ನಷ್ಟವಾದ ಯಂತ್ರಕ್ಕೆ ಪರಿಹಾರ ದೊರೆತೀತು. ಕಾರ್ಮಿಕನು ಕಳೆದುಕೊಂಡ ಕೈಗೆ ಯಾವ ಲೆಕ್ಕದಲ್ಲಿಯೂ ಭರ್ತಿಯಿಲ್ಲ.