ನಕ್ಷೆಯಲ್ಲಿ ಕೆಂಪು ಕಂಡ್ರೆ ಬೆಳೆ ಕೆಟ್ಟಿದೆ ಅಂತಲ್ಲ

ಮೊಬೈಲ್‌ನಲ್ಲಿ ಹೊಲದ ಉಪಗ್ರಹ ನಕ್ಷೆ ನೋಡುವವರು ಈಗ ಜಾಸ್ತಿ ಆಗಿದ್ದಾರೆ. ನನಗೆ ವಾಟ್ಸಾಪ್‌ನಲ್ಲಿ ಬರುವ ಸ್ಕ್ರೀನ್‌ಶಾಟ್‌ಗಳ ಜೊತೆ ಸಾಮಾನ್ಯವಾಗಿ ಒಂದೇ ಪ್ರಶ್ನೆ: "ಅಣ್ಣಾ, ಈ ಮೂಲೆ ಕೆಂಪಾಗಿದೆ, ಏನು ಹಾಕಲಿ?" ನಾನು ತಿರುಗಿ ಕೇಳೋದೂ ಒಂದೇ: ಪಕ್ಕದಲ್ಲಿರೋ ಬಣ್ಣದ ಪಟ್ಟಿಯ ಎರಡು ತುದಿಯಲ್ಲಿ ಯಾವ ಅಂಕಿ ಇದೆ?

ಇವು ಬಹುಪಾಲು ಎನ್‌ಡಿವಿಐ ನಕ್ಷೆಗಳು. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ವಾಪಸ್ ಕಳಿಸುತ್ತೆ. ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಮೈನಸ್ 1ರಿಂದ 1ರೊಳಗೆ ಒಂದು ಅಂಕಿ ಸಿಗುತ್ತೆ. ಬರೀ ಮಣ್ಣಾದರೆ 0.1-0.2ರ ಆಸುಪಾಸು, ದಟ್ಟ ಬೆಳೆಯಾದರೆ 0.8ರ ಹತ್ತಿರ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚೌಕ ಅಂದ್ರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಹೆಚ್ಚುಕಮ್ಮಿ ನಮ್ಮ ಒಂದು ಗುಂಟೆ! ಅಲ್ಲಿಂದ ಸಿಗೋದು ಗುಂಟೆಗೊಂದು ಅಂಕಿ ಅಷ್ಟೇ. ಬಣ್ಣ ಬಳಿಯೋದು ಆ್ಯಪ್ ಮಾಡಿದವರು.

ತಕರಾರು ಇರೋದು ಇಲ್ಲೇ. ಕೆಲವು ಆ್ಯಪ್‌ಗಳು ಆ ದಿನ ನಿಮ್ಮ ಹೊಲದ ಅತಿ ಕಡಿಮೆ ಅಂಕಿಗೆ ಕೆಂಪು, ಅತಿ ಹೆಚ್ಚಿನದಕ್ಕೆ ಹಸಿರು ಕೊಡುತ್ತವೆ. ಬಾಳೆ ತೋಟದ ಅಂಕಿಗಳು 0.72ರಿಂದ 0.80ರೊಳಗಿವೆ ಅಂತಿಟ್ಟುಕೊಳ್ಳಿ. ಎಲ್ಲ ಕಡೆ ಎಲೆ ದಟ್ಟವಾಗೇ ಇದೆ. ಆದ್ರೂ 0.72 ಇರುವ ಗುಂಟೆ ಕಡುಗೆಂಪಾಗಿ ಕಾಣುತ್ತೆ. ಹೊಸದಾಗಿ ನಾಟಿ ಮಾಡಿದ ಟೊಮೆಟೊದಲ್ಲಿ ಉಲ್ಟಾ: 0.20ರಿಂದ 0.30 ಇದ್ದರೆ ಆ 0.30ಕ್ಕೇ ಕಡು ಹಸಿರು. ಹೋದ ವಾರದ ನಕ್ಷೆಗೆ ಈ ವಾರದ್ದನ್ನು ಹೋಲಿಸೋಕೂ ಆಗಲ್ಲ, ಅಳತೆಗೋಲೇ ಬದಲಾಗಿರುತ್ತೆ. ಇಂಥ ಕೆಂಪು ನೋಡಿ ಗೊಬ್ಬರಕ್ಕೆ ದುಡ್ಡು ಸುರಿದವರು ನಮ್ಮ ಸುತ್ತಮುತ್ತಲೇ ಇದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ಪಟ್ಟಿಯ ತುದಿಗಳನ್ನು 0 ಮತ್ತು 1ಕ್ಕೆ ಗಟ್ಟಿ ಮಾಡುವ ಆಯ್ಕೆ ಇದ್ದರೆ ಮೊದಲು ಅದನ್ನು ಮಾಡಿ.

ಇನ್ನು ಬಣ್ಣಗಳ ವಿಚಾರ. ಕೆಂಪು-ಹಳದಿ-ಹಸಿರು ಪಟ್ಟಿ ಸಿಗ್ನಲ್ ದೀಪದ ಥರ ಸಲೀಸಾಗಿ ಅರ್ಥವಾಗುತ್ತೆ ಅನ್ಸುತ್ತೆ, ನನಗೆ ಮಾತ್ರ ಅದು ಇಷ್ಟವಿಲ್ಲ. ಮೂರರಲ್ಲಿ ಹಳದಿಯೇ ಹೆಚ್ಚು ಹೊಳೆಯುತ್ತೆ, ಕಣ್ಣು ಅಲ್ಲೇ ನಿಲ್ಲುತ್ತೆ. ಅಂಕಿ ನಿಧಾನವಾಗಿ ಏರುತ್ತಿದ್ದರೂ ನಡುವೆ ಬದು ಹಾಕಿದಂಗೆ ಕಾಣುತ್ತೆ. ಕೆಂಪು-ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣದವರೂ, ಅದರಲ್ಲೂ ಗಂಡಸರು, ನಮ್ಮ ನಡುವೆ ಇದ್ದಾರೆ. ಒಳ್ಳೆ ಪಟ್ಟಿ ಕಡುವಿನಿಂದ ತಿಳಿಗೆ ಒಂದೇ ದಿಕ್ಕಿನಲ್ಲಿ ಸಾಗಬೇಕು, ಅಂಕಿ ಎಷ್ಟು ಏರಿತೋ ಬಣ್ಣವೂ ಅಷ್ಟೇ ಬದಲಾದಂತೆ ಕಾಣಬೇಕು. 2015ರಲ್ಲಿ ನೇಥನಿಯಲ್ ಸ್ಮಿತ್ ಮತ್ತು ಸ್ಟೀಫನ್ ವಾನ್ ಡರ್ ವಾಲ್ಟ್ ಪರಿಚಯಿಸಿದ 'ವಿರಿಡಿಸ್' ಪಟ್ಟಿ ಹೀಗೇ ಇದೆ: ಕಡು ನೇರಳೆಯಿಂದ ನೀಲಿ-ಹಸಿರು ದಾಟಿ ಹಳದಿಗೆ. ಆ್ಯಪ್‌ನಲ್ಲಿ ಆ ಹೆಸರು ಕಂಡ್ರೆ ಆರಿಸಿಕೊಳ್ಳಿ. ಭತ್ತದವರು ಬಳಸುವ ಎಲೆ ಬಣ್ಣದ ಪಟ್ಟಿಯೂ ತಿಳಿ ಹಸಿರಿನಿಂದ ಕಡು ಹಸಿರಿಗೆ ಸಾಗುತ್ತೆ, ಯಾವ ಗದ್ದೆಗೆ ಹೋದರೂ ಅದೇ ಪಟ್ಟಿ.

ಪರೀಕ್ಷೆ ಸುಲಭ: ಸ್ಕ್ರೀನ್‌ಶಾಟನ್ನು ಕಪ್ಪು-ಬಿಳುಪು ಮಾಡಿ. ಕೆಂಪು ತುದಿ, ಹಸಿರು ತುದಿ ಎರಡೂ ಒಂದೇ ಬೂದು ಆದ್ರೆ ಆ ಪಟ್ಟಿ ಕೆಲಸಕ್ಕೆ ಬರಲ್ಲ. ಎರಡು ತುದಿಗೆ ಎರಡು ಬೇರೆ ಬಣ್ಣ ಒಪ್ಪೋದು ನಡುವೆ ನಿಜವಾದ ಸೊನ್ನೆ ಇದ್ದಾಗ, ಅಂದ್ರೆ ಹದಿನೈದು ದಿನದಲ್ಲಿ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ತೋರಿಸುವ ನಕ್ಷೆಗೆ. ಅಲ್ಲೂ ನೀಲಿ-ಕೆಂಪು ವಾಸಿ.

ಪಟ್ಟಿ ಸರಿ ಮಾಡಿದ ಮೇಲೂ ಒಂದು ಜಾಗ ಕಡಿಮೆ ತೋರಿಸಿದರೆ ಅಲ್ಲಿಗೇ ಹೋಗಿ ನಿಲ್ಲಿ, ಹೆಚ್ಚು ತೋರಿಸಿದ ಜಾಗಕ್ಕೂ ಹೋಗಿ. ಮೊದಲು ಡ್ರಿಪ್ ಪೈಪ್ ಕಟ್ಟಿದೆಯಾ ನೋಡಿ, ಆಮೇಲೆ ಎಲೆ ತಿರುಗಿಸಿ ಹುಳ ನೋಡಿ. ಹೆಚ್ಚು ಇರುವ ಕಡೆ ಬರೀ ಕಳೆ ಬೆಳೆದಿರಲೂಬಹುದು, ಉಪಗ್ರಹಕ್ಕೆ ಅದೂ ಹಸಿರೇ.