ಹೆಪಾರಿನ್ ಬಲ ಅಳೆಯುವ ಹಳದಿ

ಡಯಾಲಿಸಿಸ್ ಯಂತ್ರದ ಕೊಳವೆಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಕಾಯುವುದು ಸಾಮಾನ್ಯವಾಗಿ ಹೆಪಾರಿನ್. ಅದರ ಸೀಸೆಯ ಮೇಲೆ ಬಲವನ್ನು ಮಿಲಿಗ್ರಾಂನಲ್ಲಲ್ಲ, ಯೂನಿಟ್‌ನಲ್ಲಿ ಬರೆದಿರುತ್ತಾರೆ. ಹೆಚ್ಚಾಗಿ ಹಂದಿಯ ಕರುಳಿನ ಒಳಪೊರೆಯಿಂದ ತೆಗೆಯುವ ಈ ಔಷಧಿ ಉದ್ದ, ಗಿಡ್ಡ ಸಕ್ಕರೆ ಸರಪಳಿಗಳ ಮಿಶ್ರಣ. ರಕ್ತದಲ್ಲಿರುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನನ್ನು ಬಿಗಿಯಾಗಿ ಹಿಡಿಯಬಲ್ಲವು ಅವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ. ತಕ್ಕಡಿಗೆ ಈ ವ್ಯತ್ಯಾಸ ತಿಳಿಯದು. ಹೆಪಾರಿನ್ ಬಲವನ್ನು ಅದರಿಂದ ಕೆಲಸ ಮಾಡಿಸಿಯೇ ಅಳೆಯಬೇಕು.

ಅಮೆರಿಕದಲ್ಲಿ ದಶಕಗಳ ಕಾಲ ಆ ಕೆಲಸ ಕುರಿಯ ಪ್ಲಾಸ್ಮಾದಲ್ಲಿ ನಡೆಯಿತು. ನಳಿಕೆಗಳನ್ನು ಓರೆ ಮಾಡಿ, ಯಾವುದರಲ್ಲಿ ಎಷ್ಟು ಹೆಪ್ಪುಗಟ್ಟಿದೆ ಎಂದು ಕಣ್ಣಳತೆಯಲ್ಲೇ ದರ್ಜೆ ಕೊಡುತ್ತಿದ್ದರು. 2008ರಲ್ಲಿ ಈ ಪದ್ಧತಿಯ ಕೊರತೆ ಬಯಲಾಯಿತು. ಚೀನಾದಿಂದ ಬಂದ ಕಚ್ಚಾ ಹೆಪಾರಿನ್‌ನಲ್ಲಿ ಸಲ್ಫೇಟು ಹೆಚ್ಚಿಸಿದ ಕಾಂಡ್ರಾಯ್ಟಿನ್ ಬೆರೆತಿತ್ತು. ಅದೂ ಹೆಪ್ಪುಗಟ್ಟುವಿಕೆಯನ್ನು ತಡೆಯುವುದರಿಂದ ಪರೀಕ್ಷೆಯಲ್ಲಿ ಪಾಸಾಗಿಬಿಟ್ಟಿತು. ರೋಗಿಗಳ ರಕ್ತದೊತ್ತಡ ಏಕಾಏಕಿ ಕುಸಿಯಿತು, ಸಾವುಗಳೂ ವರದಿಯಾದವು.

2009ರ ಅಕ್ಟೋಬರ್‌ನಲ್ಲಿ, ಔಷಧಿಗಳ ಗುಣಮಟ್ಟ ನಿಗದಿಪಡಿಸುವ ಅಮೆರಿಕದ ಫಾರ್ಮಕೋಪಿಯಾ ಪರೀಕ್ಷೆಯನ್ನೇ ಬದಲಿಸಿತು. ಈಗ ಹೆಪಾರಿನ್‌ಗೆ ಆಂಟಿಥ್ರಾಂಬಿನ್ ಬೆರೆಸಿ, ಮೇಲೆ ರಕ್ತವನ್ನು ಹೆಪ್ಪುಗಟ್ಟಿಸುವ ಥ್ರಾಂಬಿನ್ ಹಾಕುತ್ತಾರೆ. ಒಂದಷ್ಟು ಥ್ರಾಂಬಿನ್ ಅಲ್ಲೇ ಕಟ್ಟುಬೀಳುತ್ತದೆ. ಉಳಿದದ್ದು, ಆಮೇಲೆ ಸೇರಿಸಿದ ಅಣುವನ್ನು ಕತ್ತರಿಸಿ ಹಳದಿ ಬಣ್ಣ ಬಿಡಿಸುತ್ತದೆ. ಹಳದಿ ತೆಳುವಾದಷ್ಟೂ ಔಷಧಿ ಬಲವಾದದ್ದು. 405 ನ್ಯಾನೊಮೀಟರ್ ಬೆಳಕಿನಲ್ಲಿ ಆ ಹಳದಿಯನ್ನು ಅಳೆಯಬಹುದು. ಯಂತ್ರ ಪ್ರಯೋಗಾಲಯಕ್ಕೆ ಕಾಲಿಡಲು ದಾರಿಯಾದದ್ದು ಇದೇ ಎಂದು ನನಗನಿಸುತ್ತದೆ: ಕಣ್ಣಿನ ಅಂದಾಜು ಇದ್ದ ಕಡೆ ಅಂಕಿ ಬಂತು.

ಕೈಯಲ್ಲಿ ಮಾಡುವಾಗ ಕಷ್ಟವೆಲ್ಲ ಸಮಯದ್ದು. 37 ಡಿಗ್ರಿ ಶಾಖದಲ್ಲಿ ಪ್ರತಿ ನಳಿಕೆಗೂ ಥ್ರಾಂಬಿನ್, ಬಣ್ಣದ ಅಣು, ಕೊನೆಗೆ ಕ್ರಿಯೆ ನಿಲ್ಲಿಸುವ ಆಮ್ಲ ಒಂದೇ ಅಂತರದಲ್ಲಿ ಬೀಳಬೇಕು. ಮೊದಲ ನಳಿಕೆಗೂ ಕೊನೆಯದಕ್ಕೂ ಕೆಲವು ಸೆಕೆಂಡು ವ್ಯತ್ಯಾಸವಾದರೂ ಹಳದಿ ಬದಲಾಗುತ್ತದೆ, ಅದು ಔಷಧಿಯ ಬಲದಂತೆ ಕಾಣುತ್ತದೆ. ರೋಬಾಟ್ ಪಿಪೆಟ್ ಆ ಅಂತರವನ್ನು ದಿನವಿಡೀ ತಪ್ಪದೆ ಪಾಲಿಸುತ್ತದೆ. ಗಡಿಯಾರ ಹಿಡಿದು ಬಗ್ಗಿ ನಿಂತು ಬೆನ್ನು ನೋಯಿಸಿಕೊಂಡವರಿಗೆ ಇದು ದೊಡ್ಡ ಬಿಡುಗಡೆ.

ಆದರೆ ವೇಗವೊಂದೇ ರಕ್ಷಣೆಯಲ್ಲ. ಹಳೆಯ ಪರೀಕ್ಷೆಯನ್ನೇ ಯಂತ್ರಕ್ಕೆ ಒಪ್ಪಿಸಿದ್ದರೆ 2008ರ ಕಲಬೆರಕೆ ಇನ್ನೂ ಬೇಗ ಪಾಸಾಗುತ್ತಿತ್ತು. ಅದಕ್ಕೇ ಈಗ ರಕ್ತ ಹೆಪ್ಪುಗಟ್ಟಿಸುವ ಇನ್ನೊಂದು ಪ್ರೋಟೀನಾದ ಹತ್ತನೇ ಅಂಶದ (ಫ್ಯಾಕ್ಟರ್ Xa) ಮೇಲಿನ ಪರಿಣಾಮವನ್ನೂ ಬೇರೆಯಾಗಿ ಅಳೆಯುತ್ತಾರೆ. ಈ ಬಲಕ್ಕೂ ಥ್ರಾಂಬಿನ್ ತಡೆಯುವ ಬಲಕ್ಕೂ ಇರುವ ಅನುಪಾತ 0.9ರಿಂದ 1.1ರೊಳಗೆ ಇರಲೇಬೇಕು. ಜೊತೆಗೆ ಪ್ರತಿ ಸಲವೂ ಪ್ರಮಾಣಿತ ಹೆಪಾರಿನ್ ಪಕ್ಕದಲ್ಲೇ ಓಡುತ್ತದೆ. ಅದರ ರೇಖೆ ನೇರವಾಗಿ ಬಾರದಿದ್ದರೆ ಬಂದ ಅಂಕಿ ಎಷ್ಟು ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ. ವಿಶ್ಲೇಷಕರು ಕಾರಣ ಹುಡುಕುತ್ತಾರೆ: ತೂಕದಲ್ಲೋ, ದುರ್ಬಲಗೊಳಿಸಿದ ದ್ರಾವಣದಲ್ಲೋ, ಪಿಪೆಟ್ಟಿನ ತುದಿಯಲ್ಲೋ.