ಕೈಗುಣವೆಂದರೇನು?

ವೈದ್ಯರು ಕೊಟ್ಟ ಔಷಧದಿಂದ ಜ್ವರವು ಬೇಗನೆ ಇಳಿದರೆ, "ಅವರ ಕೈಗುಣ ಒಳ್ಳೆಯದು" ಎಂದು ನಮ್ಮ ಜನರು ಹೇಳುವರು. ಬಡಗಿಯ ವಿಷಯದಲ್ಲಿಯೂ ಅಡಿಗೆಯವರ ವಿಷಯದಲ್ಲಿಯೂ ಈ ಮಾತು ಸಲ್ಲುವುದುಂಟು. ಆದರೆ ಕೈಗುಣವೆಂಬುದು ಹುಟ್ಟಿನಿಂದ ಬಂದ ಅದೃಷ್ಟವೋ, ಅಭ್ಯಾಸದಿಂದ ಸಂಪಾದಿಸತಕ್ಕ ಸಂಪತ್ತೋ ಎಂದು ವಿಚಾರಿಸುವವರು ವಿರಳ. ಮಕ್ಕಳನ್ನು ಒಂದು ವೃತ್ತಿಗೆ ಹಚ್ಚಬೇಕಾದ ಗೃಹಸ್ಥರಿಗೆ ಈ ವಿಚಾರವು ಅತ್ಯಾವಶ್ಯಕವೆಂದು ನಾವು ಭಾವಿಸುತ್ತೇವೆ.

ನಮ್ಮ ಪೂರ್ವಿಕರು ಇದನ್ನು ಅದೃಷ್ಟಕ್ಕೆ ಬಿಟ್ಟುಕೊಡಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯದಲ್ಲಿ ವೈದ್ಯನಿಗೆ ನಾಲ್ಕು ಗುಣಗಳು ಹೇಳಲ್ಪಟ್ಟಿವೆ. ಶಾಸ್ತ್ರದಲ್ಲಿ ನಿರ್ಮಲವಾದ ತಿಳಿವಳಿಕೆ ಮೊದಲನೆಯದು, ಕೆಲಸವನ್ನು ಹಲವು ಸಲ ಕಣ್ಣಾರೆ ಕಂಡಿರುವುದು ಎರಡನೆಯದು, ದಾಕ್ಷ್ಯವು ಮೂರನೆಯದು, ಶೌಚವು ನಾಲ್ಕನೆಯದು. ವೈದ್ಯನೆಂಬಲ್ಲಿ ಇಂಜಿನಿಯರನೆಂದಾಗಲಿ ಉಪಾಧ್ಯಾಯನೆಂದಾಗಲಿ ಇಟ್ಟು ಓದಿದರೂ ಅರ್ಥವು ಕೆಡುವುದಿಲ್ಲ.

ಮೊದಲನೆಯ ಗುಣವನ್ನು ಸಂಪಾದಿಸುವ ಸಾಧನಗಳಿಗೆ ನಮ್ಮ ದಾವಣಗೆರೆಯಲ್ಲಿ ಕೊರತೆಯಿಲ್ಲ. 1965ರಲ್ಲಿ ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಕಾಲೇಜೂ 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜೂ ಆರಂಭವಾದುವು. ವಿದ್ಯಾನಗರವೆಂಬ ಹೆಸರಿನಲ್ಲಿಯೇ ವಿದ್ಯೆಯಿರುವ ಬಡಾವಣೆಯಲ್ಲಿ, ಇಬ್ಬರು ತಂದೆಗಳು ಎದುರಾದರೆ ಮಕ್ಕಳ ಅಂಕಗಳ ಮಾತೇ ಮೊದಲು ಬರುವುದು. ಇದು ತಪ್ಪಲ್ಲ. ಆದರೆ ಹಣವನ್ನೂ ಚಿಂತೆಯನ್ನೂ ನಾಲ್ಕರಲ್ಲಿ ಒಂದಕ್ಕೇ ಸುರಿದು, ಉಳಿದ ಮೂರು ತಾವಾಗಿಯೇ ಬರುವುವೆಂದು ನಂಬುವುದು ಸರಿಯೇ?

ಶಾಸ್ತ್ರವನ್ನು ಮಾತ್ರ ಬಲ್ಲವನೂ ಕೆಲಸವನ್ನು ಮಾತ್ರ ಬಲ್ಲವನೂ ಒಂದೇ ರೆಕ್ಕೆಯ ಹಕ್ಕಿಗಳೆಂಬುದು ಸುಶ್ರುತನ ಅಭಿಪ್ರಾಯ. ಆದುದರಿಂದಲೇ ಅವನು ಶಿಷ್ಯರನ್ನು ಕೂಡಲೆ ರೋಗಿಯ ಮೈಮೇಲೆ ಶಸ್ತ್ರವಿಡಲು ಬಿಡಲಿಲ್ಲ. ಸೋರೆ, ಸೌತೆ ಮೊದಲಾದ ಕಾಯಿಗಳನ್ನು ಕೊಯ್ದು ಕತ್ತರಿಸುವುದನ್ನು ಕಲಿಯಬೇಕು. ತಾವರೆಯ ದಂಟನ್ನು ಚುಚ್ಚಿ ನರವನ್ನು ಬಿಡಿಸುವುದನ್ನು ಕಲಿಯಬೇಕು. ಬಟ್ಟೆಯ ಮತ್ತು ಮೆತ್ತನೆಯ ತೊಗಲಿನ ಅಂಚುಗಳಲ್ಲಿ ಹೊಲಿಗೆಯನ್ನು ಕಲಿಯಬೇಕು. ಕೈಗುಣವು ಹೀಗೆ ಕಾಯಿಪಲ್ಯದಿಂದ ಆರಂಭವಾಗುತ್ತಿದ್ದಿತು!

ದಾಕ್ಷ್ಯವೆಂದರೆ ಆತುರವಲ್ಲ, ಹೊತ್ತಿಗೆ ತಕ್ಕುದನ್ನು ತಡಬಡಿಸದೆ ಮಾಡುವ ಜಾಣತನ. ಬೀಳಗಿಯಲ್ಲಿ ಹುಟ್ಟಿದ ನೇತ್ರವೈದ್ಯ ಡಾಕ್ಟರ್ ಎಂ. ಸಿ. ಮೋದಿಯವರು 1943ರಿಂದ ಊರೂರಿಗೆ ಹೋಗಿ ಬಡವರ ಕಣ್ಣಿನ ಪೊರೆಯನ್ನು ತೆಗೆದರು. 2005ರಲ್ಲಿ ದಿವಂಗತರಾದ ಈ ಮಹನೀಯರು ಒಂದೇ ದಿನದಲ್ಲಿ 833 ಶಸ್ತ್ರಕ್ರಿಯೆಗಳನ್ನು ಮಾಡಿದುದಾಗಿ ಗಿನ್ನೆಸ್ ದಾಖಲೆಗಳ ಪುಸ್ತಕವು ನಮೂದಿಸಿರುವುದು. ಹಗಲಿರುಳು 24 ಗಂಟೆಗಳನ್ನು ಲೆಕ್ಕ ಹಿಡಿದರೂ ಒಂದು ಕಣ್ಣಿಗೆ ಎರಡು ನಿಮಿಷವೂ ದೊರೆಯದು. ಒಬ್ಬರ ಕೈಚಳಕದಿಂದಲೇ ಇದು ಆಗತಕ್ಕುದಲ್ಲ. ರೋಗಿಗಳನ್ನು ಸಿದ್ಧಪಡಿಸಿ, ಉಪಕರಣವನ್ನು ಕೈಗಿತ್ತು, ಕಟ್ಟು ಕಟ್ಟುವ ಸಹಾಯಕರೂ ಅಷ್ಟೇ ದಕ್ಷರಾಗಿರಬೇಕು.

ಶೌಚದ ವಿಷಯಕ್ಕೆ ನೆರೆಯ ಹರಿಹರಕ್ಕೆ ಹೋಗೋಣ. ಅಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಈಗ ಮುಚ್ಚಿಹೋಗಿದ್ದರೂ, ಅದರ ಲೇತ್ ಯಂತ್ರಗಳ ಹೆಸರು ಇನ್ನೂ ಮಾಸಿಲ್ಲ. ಲೇತ್ ಎಂಬುದು ಬೇರೆ ಯಂತ್ರಗಳ ಭಾಗಗಳನ್ನು ಕಡೆಯುವ ಯಂತ್ರ. ಕಬ್ಬಿಣದ ತುಂಡನ್ನು ಹಿಡಿಯುವ ಕಡೆಯಲ್ಲಿ ಒಂದು ಸಣ್ಣ ಚೂರು ಸಿಕ್ಕಿಕೊಂಡರೂ ತುಂಡು ನಡುವು ತಪ್ಪಿ ತಿರುಗಿ, ಕಡೆದ ಭಾಗವು ಸೊಟ್ಟಾಗುವುದು. ಅಲ್ಲಿ ಶೌಚವು ಆಚಾರದ ಮಾತಲ್ಲ, ಅಳತೆಯ ಮಾತು. ಹಣದ ಶೌಚವೂ ಹಾಗೆಯೇ. ಅಗತ್ಯವಿಲ್ಲದ ಪರೀಕ್ಷೆಯನ್ನು ಬರೆದುಕೊಡುವ ವೈದ್ಯನ ಕೈ ಎಷ್ಟು ತೊಳೆದರೂ ಶುಚಿಯಾಗದು.

ಇಲ್ಲಿ ವಾಚಕರು ಒಂದು ವಿಶೇಷವನ್ನು ಗಮನಿಸಬೇಕು. ಚರಕಸಂಹಿತೆಯ ಅದೇ ಅಧ್ಯಾಯವು ರೋಗಿಯ ಪರಿಚಾರಕನಿಗೂ ನಾಲ್ಕು ಗುಣಗಳನ್ನು ಹೇಳಿದೆ: ಉಪಚಾರದ ಅರಿವು, ದಾಕ್ಷ್ಯ, ಒಡೆಯನಲ್ಲಿ ಅನುರಾಗ, ಶೌಚ. ವೈದ್ಯನಿಗೂ ಪರಿಚಾರಕನಿಗೂ ಓದು ಬೇರೆ, ಸ್ಥಾನ ಬೇರೆ, ಸಂಬಳ ಬೇರೆ. ಆದರೆ ದಾಕ್ಷ್ಯ, ಶೌಚಗಳೆರಡೂ ಇಬ್ಬರಿಗೂ ಸಮಾನ. ದೊಡ್ಡ ಕೆಲಸಕ್ಕೂ ಚಿಕ್ಕ ಕೆಲಸಕ್ಕೂ ಒಂದೇ ಬುನಾದಿಯೆಂಬುದು ಇದರಿಂದ ಸ್ಪಷ್ಟವು.

ಈ ಎರಡನ್ನು ಕಲಿಸುವುದಕ್ಕೆ ಕಾಲೇಜಿನ ಶುಲ್ಕವನ್ನು ತೆರಬೇಕಾದುದಿಲ್ಲ, ಮನೆಯೇ ಪಾಠಶಾಲೆ. ಅಂಗಡಿಗೆ ಕಳುಹಿದ ಮಗನು ಚಿಲ್ಲರೆ ಕಾಸಿನವರೆಗೆ ಲೆಕ್ಕವನ್ನು ಒಪ್ಪಿಸಲಿ. ಮಗಳು ಸೈಕಲ್ಲನ್ನು ತಾನೇ ಬಿಚ್ಚಿ ಎಣ್ಣೆ ಬಿಟ್ಟು, ಉಪಕರಣಗಳನ್ನು ಒರಸಿ ಮತ್ತೆ ಸ್ವಸ್ಥಾನದಲ್ಲಿಡಲಿ. ಒಪ್ಪಿಕೊಂಡ ಕೆಲಸವನ್ನು ಹೇಳಿದ ಹೊತ್ತಿಗೆ ಮುಗಿಸುವುದು ಇಬ್ಬರಿಗೂ ವಾಡಿಕೆಯಾಗಲಿ. ತಂದೆತಾಯಿಗಳು ತಾವೂ ಹಾಗೆ ನಡೆದು ತೋರಿಸಬೇಕೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಅಂಕಪಟ್ಟಿಯು ಮಕ್ಕಳನ್ನು ಕೆಲಸದ ಬಾಗಿಲವರೆಗೆ ಕರೆದೊಯ್ಯುವುದು. ಒಳಗೆ ಹೋದ ಮೇಲೆ ಅವರನ್ನು ಕಾಪಾಡತಕ್ಕುದು ಈ ಕೈಗುಣವೇ.